ಕೆಂಪು ಸಿಲಿಂಡರಿಗೆ ಹೊಲಿಸಿದ ಅಂಗಿ

ಆ ಮಂಗಳವಾರ ಬೆಳಿಗ್ಗೆ ನಾನು ಮನೆಯ ಕವರುಗಳನ್ನೆಲ್ಲ ಬಿಚ್ಚಿ ಸೋಪಿನ ನೀರಿಗೆ ಹಾಕಿ ಕೂತಿದ್ದೆ. ಫ್ರಿಜ್ಜಿನ ನೆತ್ತಿಯದ್ದು, ಟಿವಿಯದ್ದು, ಮಿಕ್ಸಿಯದ್ದು, ಗ್ಯಾಸ್ ಸಿಲಿಂಡರಿನದ್ದು, ಹೊಲಿಗೆ ಮಿಷನ್ನಿನದ್ದು. ಎರಡು ಬಾಲ್ದಿ ತುಂಬಿದ್ದವು. ಕರ್ಕಿಯ ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಆದರೆ ಅದರ ಉಪ್ಪು ಮನೆಯೊಳಗೇ ವಾಸವಾಗಿದೆ. ಕಿಟಕಿಯ ಸರಳು, ಕಪಾಟಿನ ಬಿಜಾಗರಿ, ಮೆಟ್ಟುಕತ್ತಿ, ಯಾವುದನ್ನೂ ಅದು ಬಿಡುವುದಿಲ್ಲ. ಮದುವೆಯಾಗಿ ಬಂದು ಎರಡು ಮಳೆಗಾಲ ಕಳೆಯುವುದರೊಳಗೆ ನಾನು ತವರಿನಿಂದ ತಂದ ಟ್ರಂಕಿನ ತಳ ಕಳಚಿ ಸೀರೆಗಳು ನೆಲಕ್ಕೆ ಬಿದ್ದವು. ಅಂದಿನಿಂದ ಮುಚ್ಚಿಡುವುದು ನನ್ನ ಸ್ವಭಾವವೇ ಆಗಿಹೋಗಿದೆ. “ನಾ ಒಂದು ತಾಸು ಸುಮ್ನೆ ಕೂತ್ರೆ ನಂಗೂ ಒಂದು ಕವರು ಹೊಲ್ಸಿ ಹಾಕ್ಬಿಡ್ತಿ ನೀನು” ಎಂದು ನನ್ನ ಗಂಡ ನಗಾಡುತ್ತಿದ್ದರು.

ಒಳಗೆ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆಯಿತು. ನೊರೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದೆ. ಹೊನ್ನಾವರದಲ್ಲಿ ನಮ್ಮ ಸೋಫಾ ಅಂಗಡಿಯ ಪಕ್ಕದ ಬೇಕರಿಯವರು.

“ಅಕ್ಕಾ, ನಿಮ್ಮ ಅಂಗಡಿಗೆ ಬೆಂಕಿ ಬಿದ್ದದೆ. ಅಣ್ಣಂಗೆ ಫೋನು ಹೋಗ್ತಾ ಇಲ್ಲ.”

ನನ್ನ ಗಂಡ ಅಂದು ಕುಮಟೆಯ ಮನೆಯೊಂದಕ್ಕೆ ಸೋಫಾ ಇಳಿಸಲು ಹೋಗಿದ್ದರು. ಅಂಗಡಿಯಲ್ಲಿದ್ದದ್ದು ಮೇಸ್ತ್ರಿ ಒಬ್ಬರೇ.

“ಮೇಸ್ತ್ರಿ?” ಎಂದೆ.

“ಹೊರಗೆ ಬಂದ್ರು.”

“ನಡ್ಕಂಡು ಬಂದ್ರಾ, ಎತ್ಕಂಡು ಬಂದದ್ದಾ?”

“ನಡ್ಕಂಡೇ ಬಂದ್ರು ಅಕ್ಕಾ. ಆದ್ರೆ ಕೈ… ನೀವು ಬೇಗ ಬನ್ನಿ.”

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತೇನೆ. ದೊಡ್ಡದು ಯಾವುದೂ ಅಲ್ಲ. ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತು, ಮೊಣಕಾಲು ಇವತ್ತು ಸ್ವಲ್ಪ ಕಡಿಮೆ ನೋಯಿತು, ಇಂಥವೇ. ಅಂದು ಆಟೋದಲ್ಲಿ ಕೂತು ಹಗಲಿನಲ್ಲೇ ಎಣಿಸಲು ಶುರುಮಾಡಿದೆ. ಮೊದಲನೆಯ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು, ನಡೆದುಕೊಂಡೇ ಬಂದರಂತೆ, ಎಂದೆ. ಎರಡನೆಯ ಗೆಣ್ಣಿಗೆ ಹೊನ್ನಾವರ ಬರುವತನಕ ಏನೂ ಸಿಗಲಿಲ್ಲ.

ಮೇಸ್ತ್ರಿ ಎಂದರೆ ನಮ್ಮಲ್ಲಿ ಸೋಫಾ ಹೊಲಿಯುವವರು. ಭಟ್ಕಳದ ಹತ್ತಿರ ಹೆಬಳೆಯವರು. ಮನೆಯಲ್ಲಿ ಅವರದ್ದು ಉರ್ದು, ನಮ್ಮ ಹತ್ತಿರ ಕನ್ನಡ, ಗಿರಾಕಿಗಳಲ್ಲಿ ಅರ್ಧ ಜನ ಕೊಂಕಣಿಯವರು. ಅವರಿಗೆ ಮೂರೂ ಒಂದೇ. ಅಂಗಡಿ ಶುರುವಾದಂದಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಾರೆ, ಹೊಸಬರಿಗೆ ಒಂದು ಮಾತೂ ಅರ್ಥವಾಗುವುದಿಲ್ಲ. ಸೋಫಾದ ಬೆನ್ನಿಗೆ ಗುಂಡಿ ಕೂರಿಸುವಾಗ ಗೇಣುದ್ದದ ಸೂಜಿಯನ್ನು ಈಚೆಯಿಂದ ಚುಚ್ಚಿ, ಆಚೆ ಬದಿಯಲ್ಲಿ ಅದರ ಮೊನೆ ಎಲ್ಲಿ ಬರುತ್ತದೆಂದು ನೋಡದೆಯೇ ಬಲಗೈಯಲ್ಲಿ ಹಿಡಿಯುತ್ತಿದ್ದರು. ನನ್ನ ಗಂಡ ಅಳತೆ ತೆಗೆಯುವವರು, ಮಾತಾಡುವವರು, ಮಾರುವವರು. “ಅಂಗಡಿ ನಿಂತದ್ದು ನನ್ನ ಬಾಯಿ ಮೇಲಲ್ಲ, ಮೇಸ್ತ್ರಿ ಬಲಗೈ ಮೇಲೆ” ಎಂದು ಅವರೇ ಎಷ್ಟೋ ಸಲ ಹೇಳಿದ್ದಾರೆ.

ಎರಡು ವರ್ಷದ ಹಿಂದೆ ಅಂಗಡಿಗೆ ಹಿಂಬದಿಯ ಕೋಣೆಯನ್ನೂ ಸೇರಿಸಿಕೊಂಡೆವು. ಪರವಾನಗಿ ಪತ್ರಕ್ಕೆ ಅರ್ಜಿ ಹಾಕಿದಾಗ ಅಗ್ನಿಶಾಮಕ ಇಲಾಖೆಯಿಂದ ಒಬ್ಬ ಸಾಹೇಬರು ನೋಡಲು ಬಂದರು. ಮಧ್ಯಾಹ್ನದ ಬುತ್ತಿ ಕೊಡಲು ಹೋದವಳು ನಾನೂ ಅಲ್ಲಿದ್ದೆ. ತೆಳ್ಳಗಿನ ಮನುಷ್ಯ, ಏರುದನಿಯಲ್ಲಿ ಒಂದು ಮಾತೂ ಆಡಲಿಲ್ಲ. ಫೋಮಿನ ಹಾಳೆಗಳನ್ನು ಮಾಡಿನವರೆಗೆ ಒಟ್ಟಬೇಡಿ ಎಂದರು. ನಡುವೆ ಒಬ್ಬ ಮನುಷ್ಯ ಓಡುವಷ್ಟು ದಾರಿ ಬಿಡಿ ಎಂದರು. ಅಂಟಿನ ಡಬ್ಬಗಳನ್ನು ಒಳಗೆ ಇಡಬಾರದು, ಬೇಗ ಹೊತ್ತಿಕೊಳ್ಳದ ಫೋಮು ಎಂದು ಬರೆದುಕೊಡುವವರ ಹತ್ತಿರವೇ ಮಾಲು ತರಬೇಕು, ಆ ಕಾಗದವನ್ನು ಜೋಪಾನ ಮಾಡಿ ಗಿರಾಕಿ ಕೇಳಿದರೆ ತೋರಿಸಬೇಕು. ನನ್ನ ಗಂಡ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದರು. ಅದು ಸಾಹೇಬರಿಗೂ ತಿಳಿಯಿತೋ ಏನೋ, ಮೇಸ್ತ್ರಿ ಕತ್ತರಿಸಿ ಎಸೆದ ಹಳೆಯ ಫೋಮಿನ ಅಂಗೈಯಗಲದ ಚೂರೊಂದನ್ನು ಹೆಕ್ಕಿಕೊಂಡು ಹಿತ್ತಿಲಿಗೆ ನಡೆದರು. ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದರು.

ಊದಿನಕಡ್ಡಿ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ. ಬುಸ್ಸೆಂದು ಎದ್ದಿತು. ಕಪ್ಪು ಹೊಗೆ, ನಾತ. ಸುಡುತ್ತ ಸುಡುತ್ತ ಅದು ಕರಗಿ ಬೆಲ್ಲದ ಪಾಕದ ಹಾಗೆ ಕಲ್ಲಿನ ಮೇಲೆ ಇಳಿಯಿತು, ಇಳಿದ ಕಡೆಯೆಲ್ಲ ಉರಿಯುತ್ತಲೇ ಇತ್ತು.

“ಇದರ ಮೇಲೆ ಜನ ಮಕ್ಕಳನ್ನು ಮಲಗಿಸ್ತಾರೆ ಅಮ್ಮ” ಎಂದರು ಸಾಹೇಬರು. ನನಗೇ ಯಾಕೆ ಹೇಳಿದರೋ. ಬಹುಶಃ ಅಲ್ಲಿ ಹೆದರಿದ ಮುಖ ನನ್ನದೊಂದೇ ಇತ್ತು.

ಅವರು ಹೇಳಿದಂತೆ ಬೆಂಕಿ ಆರಿಸುವ ಕೆಂಪು ಸಿಲಿಂಡರು ತಂದು ಬಾಗಿಲ ಪಕ್ಕ ಎದೆಯೆತ್ತರಕ್ಕೆ ನೇತುಹಾಕಿದೆವು. ಎರಡನೆಯ ಸಲ ಬಂದಾಗ ಸಾಹೇಬರು ಅದನ್ನು ಮುಟ್ಟಿ ತೋರಿಸಿದರು. “ಇದು ಕಣ್ಣಿಗೆ ಕಾಣಬೇಕು. ಕೈಗೆ ಸಿಗಬೇಕು. ತಿಂಗಳಿಗೊಮ್ಮೆ ಈ ಮೀಟರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಬೇಕು. ತುಕ್ಕು ಹಿಡಿಯಲು ಬಿಡಬಾರದು.”

ನಾಲ್ಕು ಮಾತು. ನನ್ನ ಕಿವಿಯಲ್ಲಿ ಉಳಿದದ್ದು ಕೊನೆಯದ್ದು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಸಿಲಿಂಡರಿನ ಬುಡದಲ್ಲಿ ಎಳ್ಳುಕಾಳಿನಷ್ಟು ತುಕ್ಕು ಕಂಡಿತು. ಬುತ್ತಿ ಇಟ್ಟವಳೇ ಮೇಸ್ತ್ರಿಯ ಹತ್ತಿರ ಹೋದೆ.

“ಮೇಸ್ತ್ರಿ, ಇದಕ್ಕೊಂದು ಅಂಗಿ ಹೊಲಿದು ಕೊಡಿ.”

ಬಾಯಿಂದ ದಾರ ತೆಗೆಯದೆಯೇ ನಕ್ಕರು. “ಸಿಲಿಂಡರಿಗೆ ಅಂಗಿಯಾ ಅಮ್ಮಾ? ಪೈಜಾಮ ಬ್ಯಾಡ್ದಾ?”

“ನಗಾಡ್ಬೇಡಿ. ತುಕ್ಕು ಹಿಡಿದ್ರೆ ಸಾಹೇಬ್ರು ಬಂದು ಬೈತ್ರು.”

“ಕಾಣ್ಬೇಕು ಅಂದಿದ್ರಲ್ಲ ಅವ್ರು. ಮುಚ್ಚಿದ್ಮೇಲೆ ಕಾಣುದು ಹ್ಯಾಂಗೆ?”

ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ನನ್ನ ಗಂಡ ಕೇಳಲಿಲ್ಲ, ನಾನು ಕೇಳಿಕೊಳ್ಳಲಿಲ್ಲ. ಉತ್ತರವೂ ನನ್ನ ಬಾಯಲ್ಲಿ ಸಿದ್ಧವೇ ಇತ್ತು. “ಕೆಂಪು ರೆಕ್ಸಿನ್ನಲ್ಲೇ ಹೊಲೀರಿ. ಮೇಲೆ ಬಿಳಿ ಅಕ್ಷರ ಹಾಕಿ. ಎಂತಕೆ ಕಾಣುದಿಲ್ಲ?”

“ಆತು, ನೀವು ಹೇಳಿದ್ಮೇಲೆ ಆತು.”

ಹಾಗೆ ಹೊಲಿದರು. ಮೇಸ್ತ್ರಿಗೆ ಯಾವುದನ್ನೂ ಹೇಗೋ ಒಂದು ಮಾಡಿ ಕೊಟ್ಟು ಗೊತ್ತಿಲ್ಲ. ಆಕಾರ ಚೆನ್ನಾಗಿ ನಿಲ್ಲಲಿ ಎಂದು ಒಳಗೆ ತೆಳು ಫೋಮು ಕೊಟ್ಟು, ಅಂಚಿಗೆ ಎರಡು ಸುತ್ತು ಪೈಪಿಂಗ್ ಹಾಕಿ, ಸಿಲಿಂಡರಿನ ಕುತ್ತಿಗೆಯನ್ನೂ ಹಿಡಿಕೆಯನ್ನೂ ಬಿಗಿಯಾಗಿ ಒಳಕ್ಕೆ ತೆಗೆದುಕೊಳ್ಳುವ ಹಾಗೆ ಕತ್ತರಿಸಿ, ಬೆನ್ನಿಗೆ ಉದ್ದಕ್ಕೆ ಜಿಪ್ಪು ಇಟ್ಟರು. ಗೋಡೆಯ ಬದಿಗೆ ಜಿಪ್ಪು ಬರುವುದರಿಂದ ಎದುರಿಗೆ ನೋಡಲು ಚೆಂದ. ನಾನು ಕಾಗದದ ಮೇಲೆ ‘ಬೆಂಕಿ’ ಎಂದು ದೊಡ್ಡದಾಗಿ ಬರೆದುಕೊಟ್ಟೆ. ಅದನ್ನು ನೋಡಿ ನೋಡಿ ಬಿಳಿ ರೆಕ್ಸಿನ್ನಿನಲ್ಲಿ ಅಕ್ಷರ ಕತ್ತರಿಸಿ ಹೊಲಿದರು. ಒಳ್ಳೇ ಸೋಫಾದ ಮರಿ ಗೋಡೆಗೆ ಹತ್ತಿ ಕೂತ ಹಾಗಿತ್ತು. ಬಂದ ಗಿರಾಕಿಗಳೆಲ್ಲ ಮುಟ್ಟಿ ನೋಡಿ ಹೋಗುವವರೇ. ಮಂಕಿಯಿಂದ ಬಂದ ಹೆಂಗಸೊಬ್ಬರು, ನಮ್ಮ ಗ್ಯಾಸ್ ಸಿಲಿಂಡರಿಗೂ ಹೀಗೆಯೇ ಬೇಕು ಎಂದರು. ಅವರ ಹಿಂದೆ ಮತ್ತಿಬ್ಬರು. ನಾನಂತೂ ಮನೆಯದ್ದಕ್ಕೆ ಮೊದಲೇ ಹೊಲಿಸಿಕೊಂಡಿದ್ದೆ.

ಮೊದಲ ಮೂರು ತಿಂಗಳು ಜಿಪ್ಪು ಇಳಿಸಿ ಮುಳ್ಳು ನೋಡಿದೆವು. ನಾಲ್ಕನೆಯ ತಿಂಗಳು ಜಿಪ್ಪು ಬಿಗಿಯಿತ್ತೆಂದು ನಾನೇ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದೆ. ಆಮೇಲೆ ಯಾರೂ ತೆಗೆದದ್ದಿಲ್ಲ. ತುಕ್ಕು ಹಿಡಿಯಬಾರದೆಂದು ಹಾಕಿದ ಕವರಿಗೆ ಕಬ್ಬಿಣದ ಜಿಪ್ಪು ಇಟ್ಟದ್ದು, ಉಪ್ಪುಗಾಳಿಯನ್ನು ದಿನಾ ಬೈಯುವ ನನ್ನ ತಲೆಗೇ ಹೊಳೆಯಲಿಲ್ಲ.

ನಾನು ಹೋಗಿ ತಲುಪುವಾಗ ಬೆಂಕಿ ಆರಿತ್ತು. ಅಗ್ನಿಶಾಮಕದ ಗಾಡಿಯ ನೀರು ಕರ್ರಗೆ ರಸ್ತೆಗೆ ಹರಿಯುತ್ತಿತ್ತು. ಹಿಂದಿನ ಕೋಣೆ ಪೂರ್ತಿ ಹೋಗಿತ್ತು, ಮುಂದಿನದು ಮಸಿ ಹಿಡಿದು ನಿಂತಿತ್ತು. ಮೇಸ್ತ್ರಿಯನ್ನು ಆಗಲೇ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಏನಾಯಿತೆಂದು ಹೇಳಿದವರು ಬೇಕರಿಯವರು.

ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಹನ್ನೊಂದರ ಹೊತ್ತಿಗೆ ಒಮ್ಮೆಲೇ ಬಂದಾಗ ಹಿಂದಿನ ಕೋಣೆಯ ಪ್ಲಗ್ಗಿನ ಬೋರ್ಡಿನಲ್ಲಿ ಕಿಡಿ ಹಾರಿತಂತೆ. ಅದರ ಕೆಳಗೇ ಫೋಮಿನ ಹಾಳೆಗಳು. ಮೇಸ್ತ್ರಿ ಮುಂದಿನ ಕೋಣೆಯಲ್ಲಿ ಇದ್ದವರು ಓಡಿಹೋಗಿ ಸಿಲಿಂಡರನ್ನು ಕೊಕ್ಕೆಯಿಂದ ಇಳಿಸಿದರು. ಜಿಪ್ಪು ಎಳೆದರು. ಬರಲಿಲ್ಲ. ನೆಲಕ್ಕೆ ಕೆಡವಿ ಮೊಣಕಾಲು ಕೊಟ್ಟು ಎಳೆದರು. ಹಲ್ಲಿನಿಂದ ಎಳೆದರು. ರೆಕ್ಸಿನ್ನನ್ನು ಉಗುರಿನಿಂದ ಹರಿಯಲು ನೋಡಿದರು. ಅವರ ಕತ್ತರಿ ಇದ್ದದ್ದು ಹಿಂದಿನ ಕೋಣೆಯ ಮೇಜಿನ ಮೇಲೆ, ಬೆಂಕಿಯ ಆಚೆ. ಬೇಕರಿಯವರು ಕೂಗಿದರಂತೆ, ಬಿಟ್ಟು ಬನ್ನಿ ಮೇಸ್ತ್ರಿ ಎಂದು. ಅವರು ಸಿಲಿಂಡರನ್ನು ಬಿಟ್ಟರು, ಆದರೆ ಹೊರಗೆ ಬರಲಿಲ್ಲ. ಉಳಿದದ್ದಕ್ಕೆ ಹತ್ತದಿರಲಿ ಎಂದು ಉರಿಯುತ್ತಿದ್ದ ಹಾಳೆಯನ್ನೇ ಬಲಗೈಯಲ್ಲಿ ಹಿಡಿದು ರಸ್ತೆಗೆ ಎಳೆದುಕೊಂಡು ಬಂದರು.

ಬೆಲ್ಲದ ಪಾಕ ಎಂದೆನಲ್ಲ. ಅದು ಅವರ ಅಂಗೈಗೆ ಅಂಟಿಕೊಂಡಿತು.

ಬೇಕರಿಯವರ ಹತ್ತಿರವೂ ಒಂದು ಸಿಲಿಂಡರು ಇತ್ತು. ಅದಕ್ಕೆ ಅಂಗಿ ಇಲ್ಲ, ಬುಡವೆಲ್ಲ ತುಕ್ಕು, ಮೇಲೆ ಹಿಟ್ಟಿನ ಧೂಳು. ಮುಂದಿನ ಕೋಣೆ ಉಳಿದದ್ದು ಅದರಿಂದ.

ನಮ್ಮದು ಬಾಗಿಲ ಹೊರಗೆ ಮಲಗಿತ್ತು. ಬಿಳಿ ಅಕ್ಷರ ಆಕಾಶಕ್ಕೆ ಮುಖ ಮಾಡಿತ್ತು. ಬೇಕರಿಯವರ ಬ್ರೆಡ್ಡು ಕೊಯ್ಯುವ ಚೂರಿ ಕೇಳಿ ತಂದು, ಅಲ್ಲೇ ರಸ್ತೆಯ ಬದಿಗೆ ಕೂತು ಕವರನ್ನು ಉದ್ದಕ್ಕೆ ಸೀಳಿದೆ. ಚೂರಿಗೂ ಹೊತ್ತು ಬೇಕಾಯಿತು, ಹೊಲಿಗೆ ಅಷ್ಟು ಗಟ್ಟಿ. ಒಳಗೆ ಸಿಲಿಂಡರು ತಂದ ದಿನದ ಹಾಗೆಯೇ ಹೊಳೆಯುತ್ತಿತ್ತು. ಎಳ್ಳುಕಾಳಿನ ಆ ತುಕ್ಕು ಬೆಳೆದಿರಲಿಲ್ಲ. ಮುಳ್ಳು ಹಸಿರಿನಲ್ಲಿತ್ತು.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಸುಟ್ಟಗಾಯಕ್ಕೆಲ್ಲ ದಕ್ಷಿಣದ ದಾರಿಯೇ ಗತಿ. ಉಡುಪಿ ಕಡೆಯ ದೊಡ್ಡಾಸ್ಪತ್ರೆಗೆ ಅಂದೇ ಸಾಗಿಸಿದರು. ದಾರಿಯಲ್ಲಿ ಭಟ್ಕಳದಲ್ಲಿ ಅವರ ಹೆಂಡತಿ ಹತ್ತಿಕೊಂಡರು. ನನ್ನ ಗಂಡ ಕುಮಟೆಯಿಂದ ಬಂದವರೇ ನನ್ನನ್ನು ಕರೆದುಕೊಂಡು ಹಿಂದೆಯೇ ಹೊರಟರು. ಕಣ್ಣಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಎಡಗೈ ಮೇಲುಮೇಲಿನ ಗಾಯ, ವಾಸಿಯಾಗುತ್ತದೆ ಎಂದರು. ಬಲಗೈಗೆ ತೊಡೆಯ ಚರ್ಮ ತೆಗೆದು ಹಾಕಬೇಕು, ಬೆರಳುಗಳ ಮಾತು ಈಗಲೇ ಹೇಳಲಾಗುವುದಿಲ್ಲ ಎಂದರು. ನಾನು ಕಣ್ಣನ್ನೂ ಎಡಗೈಯನ್ನೂ ಗೆಣ್ಣಿನ ಮೇಲೆ ಎಣಿಸಿಕೊಂಡೆ. ಎಣಿಸುತ್ತಿದ್ದ ನನ್ನ ಕೈ ನೋಡಿ ನನಗೇ ನಾಚಿಕೆಯಾಗಿ ಸೆರಗಿನೊಳಗೆ ಸೇರಿಸಿದೆ.

ಮೂರನೆಯ ದಿನ ಇಲಾಖೆಯಿಂದ ಒಬ್ಬರು ಮೇಸ್ತ್ರಿಯ ಹೇಳಿಕೆ ಬರೆದುಕೊಳ್ಳಲು ಬಂದರು. ಎರಡೂ ಕೈಗೆ ಕುಶನ್ನಿನಷ್ಟು ದಪ್ಪ ಬ್ಯಾಂಡೇಜು. ಆ ಸಿಲಿಂಡರಿಗೆ ಕವರು ಹಾಕಿದ್ದು ಯಾರು ಎಂದು ಕೇಳಿದರು.

“ನಾನೇ ಸಾರ್. ನಂದೇ ತಲೆ. ಚೆಂದ ಕಾಣ್ತದೆ ಅಂತ ಹೊಲ್ದೆ.”

ನಾನು ಮಂಚದ ಕಾಲಹತ್ತಿರ ನಿಂತಿದ್ದೆ. ಬಾಯಿ ತೆರೆದೆ. ನನ್ನ ಗಂಡ ನನ್ನ ಮೊಣಕೈ ಮುಟ್ಟಿದರು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಮುಚ್ಚುವುದು ನನಗೆ ರೂಢಿಯಲ್ಲವೇ.

ಬಸ್ಸಿನಲ್ಲಿ ಬರುವಾಗ ಕೇಳಿದೆ, “ಅಲ್ದಾ, ಅವ್ರು ಹಾಂಗೆ ಹೇಳೂಕೆ ನೀವು ಬಿಟ್ಟದ್ದು ಸಮ ಆತಾ?”

“ಹೊಲಿದದ್ದು ಅವ್ರೇ ಹೌದಲೆ. ಸುಳ್ಳು ಎಂತ ಬಂತು?”

“ಹೊಲ್ಸಿದ್ದು ನಾನು.”

“ಅಂಗಡಿ ಮತ್ತೆ ತೆಗೀಬೇಕಾ ಬ್ಯಾಡ್ವಾ? ನೀ ಹೇಳೀರೆ ಮಾಲಕರ ಮನೆಯವ್ರೇ ಮುಚ್ಸಿದ್ದು ಅಂತ ಬರೀತ್ರು. ಪತ್ರ ಸಿಕ್ಕುದಿಲ್ಲ. ಆಮೇಲೆ ಮೇಸ್ತ್ರಿಗಾದ್ರೂ ಎಲ್ಲಿ ಕೆಲ್ಸ?”

ಕೆಟ್ಟವರಲ್ಲ ಅವರು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಎರಡು ರಾತ್ರಿ ಮಲಗಿದವರು. ಅಂಗಡಿಯಿಂದ ಮೇಸ್ತ್ರಿಗೆ ಆಗಬೇಕಾದದ್ದು ಆಗುತ್ತಿದೆ, ಅದರ ಮಾತು ಇಲ್ಲಿ ಬೇಡ. ಆದರೆ ‘ಎಲ್ಲಿ ಕೆಲಸ’ ಎಂದಾಗ ಅವರ ದನಿ ಕೆಳಗಿಳಿಯಿತು. ಯಾವ ಕೈಯಿಂದ ಕೆಲಸ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಮನೆಗೆ ಬಂದು ನೋಡಿದರೆ ಎರಡೂ ಬಾಲ್ದಿಯ ಕವರುಗಳು ಕೊಳೆತು ನಾರುತ್ತಿದ್ದವು. ನೀರು ಚೆಲ್ಲಿ, ತೊಳೆದು, ಒಣಗಿಸಿ, ಮಡಚಿ ಕಪಾಟಿನಲ್ಲಿ ಇಟ್ಟೆ. ಯಾವುದಕ್ಕೂ ತೊಡಿಸಲು ಮನಸ್ಸಾಗಲಿಲ್ಲ.

ಇಡಗುಂಜಿಗೆ ಹೋದೆ. ಗಣಪತಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡೆ. ಇಡೀ ಕೈ ಬೇಡ ಸ್ವಾಮಿ, ಸೂಜಿ ಹಿಡಿಯುವ ಎರಡು ಬೆರಳು ಕೊಡು, ಹೆಬ್ಬೆರಳು ಮತ್ತು ಅದರ ಪಕ್ಕದ್ದು, ಎಂದೆ. ಯಾವಾಗಲೂ ಸಣ್ಣದನ್ನೇ ಬೇಡಿದವಳು, ಈ ಸಲವೂ ಸಣ್ಣದೇ ಬೇಡಿದೆ. ಕೊಡಲು ಅವನಿಗೆ ಕಷ್ಟವಾಗಬಾರದು ಎನ್ನುವ ಹಾಗೆ. ದಿನಾ ಸಂಜೆ ದೀಪದ ಮುಂದೆ ಅದೇ. ದೇವರನ್ನು ನಾನು ಬೈಯಲಿಲ್ಲ. ಬೈಯಲು ಮುಖ ಬೇಕು. ಉದ್ದಿನ ಡಬ್ಬಕ್ಕೆ ಹುಳ ಬಿದ್ದರೆ ನನ್ನ ತಪ್ಪು, ಪಾತ್ರೆ ಸೀದರೆ ನನ್ನ ತಪ್ಪು, ಹಾಗೆಯೇ ಇದೂ. ಇದಕ್ಕೆ ದೇವರನ್ನು ಎಳೆದು ತರುವುದು ಹೇಗೆ?

ಒಂದು ತಿಂಗಳು ಕಳೆದ ಮೇಲೆ ಅದೇ ತೆಳ್ಳಗಿನ ಸಾಹೇಬರು ಅಂಗಡಿ ನೋಡಲು ಬರುತ್ತಾರೆ ಎಂದು ತಿಳಿಯಿತು. ಬುತ್ತಿಯ ನೆಪ ಮಾಡಿ ಹೋದೆ. ನನ್ನ ಗಂಡ ಹಿಂದಿನ ಕೋಣೆಯ ಬೂದಿ ತೋರಿಸಲು ಬೀಗದ ಕೈ ಹುಡುಕುತ್ತಿದ್ದಾಗ ಚಹಾ ಕೊಟ್ಟು ಹೇಳಿದೆ.

“ಸಾರ್, ಸಿಲಿಂಡರಿಗೆ ಕವರು ಹಾಕ್ಸಿದ್ದು ಮೇಸ್ತ್ರಿ ಅಲ್ಲ. ನಾನು. ಮುಚ್ಚಿದ್ರೆ ಕಾಣುದು ಹ್ಯಾಂಗೆ ಅಂತ ಅವ್ರು ಕೇಳಿದ್ರು. ಬರ್ಕಳಿ.”

ಅವರು ಚಹಾದ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ ತೊಡೆಯ ಮೇಲಿದ್ದ ಕಾಗದಗಳನ್ನು ತಿರುವಿದರು, ನಿಜವಾಗಿ ಹುಡುಕುವವರ ಹಾಗೆಯೇ.

“ಯಾರು ಮುಚ್ಚಿದ್ದು ಅಂತ ಬರೆಯಲು ಇದರಲ್ಲಿ ಜಾಗ ಇಲ್ಲ ಅಮ್ಮ. ಮುಚ್ಚಿತ್ತು, ತೆಗೆಯಲು ಆಗಲಿಲ್ಲ. ಅಷ್ಟು ಬರೆದಾಗಿದೆ.”

“ಮತ್ತೆ ಮೇಸ್ತ್ರಿ ಮೇಲೆ?”

“ಅವರ ಮೇಲೆ ಎಂತ? ಅವರ ಕೈಯೇ ಹೋಗಿದೆ.”

ಏನೋ ಒಂದು ಶಿಕ್ಷೆ ಸಿಗುತ್ತದೆ ಎಂದು ನಾನು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬೈದಿದ್ದರೂ ಸಾಕಿತ್ತು. “ತುಕ್ಕು ಹಿಡಿಯಬಾರದು ಅಂದಿದ್ರಿ ನೀವು” ಎಂದೆ. ಜಗಳ ತೆಗೆದಂತೆ ಕೇಳಿಸಿರಬೇಕು.

“ಹಿಡಿದರೆ ಒರೆಸುವುದು. ಹೆಚ್ಚಾದರೆ ಬೇರೆ ತರುವುದು.” ದನಿ ಏರಿಸದೆಯೇ ಹೇಳಿದರು. “ಕಾಣಬೇಕು, ಕೈಗೆ ಸಿಗಬೇಕು ಅಂತ ಮೊದಲು ಹೇಳಿದ್ದೆ.”

ಮತ್ತೆ ತೆರೆಯಬೇಕಾದರೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ನನ್ನ ಗಂಡನ ಕೈಗೆ ಕೊಟ್ಟರು. ಛಾಪಿಸಿದ ಸಾಲುಗಳ ಕೆಳಗೆ ಪೆನ್ನಿನಿಂದ ಒಂದು ಸಾಲು ಸೇರಿಸಿದ್ದರು: ಸಿಲಿಂಡರಿನ ಮೇಲೆ ಯಾವ ಹೊದಿಕೆಯೂ ಇರಬಾರದು. ಇಷ್ಟು ವರ್ಷದಲ್ಲಿ ಅದನ್ನು ಛಾಪಿಸುವ ಅಗತ್ಯ ಯಾರಿಗೂ ಬಂದಿರಲಿಲ್ಲ. ನನಗೊಬ್ಬಳಿಗಾಗಿ ಬರೆದ ಸಾಲು ಅದು.

ಹೆಬಳೆಗೆ ಹೋದದ್ದು ಮೂರನೆಯ ತಿಂಗಳಲ್ಲಿ, ಬ್ಯಾಂಡೇಜು ಪೂರ್ತಿ ಬಿಚ್ಚಿದ ಮೇಲೆ. ಒಬ್ಬಳೇ ಹೋದೆ. ಮೇಸ್ತ್ರಿ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಊರಿಗೆಲ್ಲ ಸೋಫಾ ಹೊಲಿದವರ ಮನೆ. ಅವರ ಮನೆಯಲ್ಲಿ ಸೋಫಾ ಇಲ್ಲವೆಂದು ನನಗೆ ಅಂದೇ ಗೊತ್ತಾದದ್ದು.

“ಬನ್ನಿ ಅಮ್ಮಾ. ಬಸ್ಸಲ್ಲಿ ಸೀಟು ಸಿಕ್ತಾ?”

“ಸಿಕ್ತು.”

“ಹಂಗಾರೆ ಒಂದು ಎಣ್ಸಿ ಆತು ಇವತ್ತಿಂದು.” ನನ್ನ ಈ ಅಭ್ಯಾಸ ಅವರಿಗೆ ಗೊತ್ತಿತ್ತು, ಯಾವಾಗಲೂ ಕೀಟಲೆ ಮಾಡುತ್ತಿದ್ದರು. ಬಾಯಲ್ಲಿ ದಾರವಿಲ್ಲದೆ ಅವರ ಮಾತು ಎಷ್ಟು ಸ್ಪಷ್ಟ ಎಂದರೆ ಬೇರೆ ಯಾರೋ ಮಾತಾಡಿದಂತೆ ಇತ್ತು.

ಬಲಗೈ ತೊಡೆಯ ಮೇಲಿತ್ತು. ಚರ್ಮ ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಕೆಂಪು, ತೆಳು ಪ್ಲಾಸ್ಟಿಕ್ಕಿನ ಹೊಳಪು. ಕೊನೆಯ ಎರಡು ಬೆರಳು ಒಳಕ್ಕೆ ಬಾಗಿ ನಿಂತುಬಿಟ್ಟಿದ್ದವು. ಹೆಬ್ಬೆರಳೂ ಅದರ ಪಕ್ಕದ್ದೂ ನೆಟ್ಟಗಿದ್ದವು. ಕೇಳಿದ್ದು ಅವೆರಡನ್ನೇ ಅಲ್ಲವೇ.

“ಸೂಜಿ ಹಿಡ್ದು ನೋಡೂಕೆ ಹೇಳಿದ್ರು ಡಾಕ್ಟ್ರು” ಎಂದು ಮೇಸ್ತ್ರಿ ಹೆಂಡತಿಯನ್ನು ಕರೆದು ದೊಡ್ಡ ಸೂಜಿ ತರಿಸಿದರು. ಆಕೆ ಅದನ್ನು ಅವರ ಮೊಣಕಾಲಿನ ಮೇಲೆ ಇಟ್ಟು ಕೂಡಲೇ ಒಳಗೆ ಹೋದರು. ನೋಡಿ ನೋಡಿ ಸಾಕಾದವರ ಹಾಗೆ. ಹೆಬ್ಬೆರಳು ಸೂಜಿಯವರೆಗೆ ಹೋಯಿತು. ಪಕ್ಕದ ಬೆರಳು ಬಂದು ಕೂಡಲಿಲ್ಲ. ಎರಡರ ನಡುವೆ ಒಂದು ಕಡ್ಡಿಯಷ್ಟು ಜಾಗ ಉಳಿಯಿತು. ಸೂಜಿ ಉರುಳಿ ಅಂಗಳಕ್ಕೆ ಬಿತ್ತು. ಎಡಗೈಯಿಂದ ಹೆಕ್ಕಿ ಮತ್ತೆ ಇಟ್ಟುಕೊಂಡರು. ಮತ್ತೆ ಬಿತ್ತು.

“ಎಷ್ಟು ಅಭ್ಯಾಸ ಮಾಡಿದ್ರೂ ಇಷ್ಟೇ ಅಂದ್ರು” ಎಂದರು, ಮೂರನೆಯ ಸಲ ಹೆಕ್ಕುತ್ತ.

ನಾನು ಒಳಗೆ ಎದ್ದುಹೋದೆ. ಅವರ ಹೆಂಡತಿ ಚಹಾಕ್ಕೆ ಇಟ್ಟಿದ್ದರು. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದೆ. ಆ ಕವರು ನಾನು ಹೊಲಿಸಿದ್ದು, ಅವರು ಆಸ್ಪತ್ರೆಯಲ್ಲಿ ನನ್ನನ್ನು ಉಳಿಸಲು ಸುಳ್ಳು ಹೇಳಿದ್ದು, ನಾನು ಕೇಳಿಯೂ ಸುಮ್ಮನಿದ್ದದ್ದು.

“ಗೊತ್ತುಂಟು ಅಮ್ಮಾ” ಎಂದರು ಆಕೆ. ಒಲೆಯಿಂದ ತಿರುಗಲೂ ಇಲ್ಲ. “ಮೊದಲ್ನೇ ದಿವ್ಸವೇ ಹೇಳಿದ್ರು.”

“ಮತ್ತೆ ನೀವು ಒಂದು ಮಾತೂ ನಂಗೆ ಅನ್ಲಿಲ್ಲ.”

“ಅಂದ್ರೆ ಕೈ ಬತ್ತದಾ?”

ಚಹಾ ಸೋಸಿದರು. ಒಂದು ಲೋಟವನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವೇ ತೆಗೆದುಕೊಂಡು ಹೋಗಿ ಗಂಡನ ಎಡಗೈಗೆ ಹಿಡಿಸಿ, ಅವರು ಗಟ್ಟಿಯಾಗಿ ಹಿಡಿದುಕೊಳ್ಳುವತನಕ ತಮ್ಮ ಕೈಯನ್ನು ಕೆಳಗೆ ಕೊಟ್ಟು ನಿಂತರು.

ಹೊರಡುವಾಗ ಮೇಸ್ತ್ರಿಯೇ ಮಾತು ತೆಗೆದರು. “ಒಳಗೆ ಎಂತ ಹೇಳಿದ್ರಿ ಅಂತ ನಂಗೆ ಕೇಳ್ತು. ನೀವು ಹೊಲ್ಸಿದ್ದು ಹೌದು. ಆದ್ರೆ ಅದಲ್ಲ ಅಮ್ಮಾ. ನಾ ಹತ್ತು ರೂಪಾಯಿ ಮಾಲಿನ ಹಾಂಗೆ ಕೆಟ್ಟದಾಗಿ ಹೊಲಿದಿದ್ರೆ ಅದು ಆವತ್ತು ಹರೀತಿತ್ತು. ನಂಗೆ ಹಾಂಗೆ ಹೊಲಿಲಿಕ್ಕೇ ಬರ್ಲಿಲ್ಲ.” ಕುರ್ಚಿಯಿಂದ ಎದ್ದರು. “ಆ ಮಂಕಿಯವ್ರಿಗೆ, ಮತ್ತಿಬ್ರಿಗೆ ಗ್ಯಾಸಿನದ್ದು ಹೊಲ್ದು ಕೊಟ್ಟಿದ್ನಲ್ಲ. ತೆಗೆದು ಬಿಸಾಡೂಕೆ ಹೇಳಿ. ಮರೀಬೇಡಿ.”

ಬಸ್ಸಿನಿಂದಲೇ ಮೂರೂ ಮನೆಗೆ ಫೋನು ಮಾಡಿದೆ. ಇಬ್ಬರು ಆತು ಎಂದರು. ಮಂಕಿಯವರು, ಅಷ್ಟು ಚೆಂದದ್ದನ್ನು ಬಿಸಾಡುವುದು ಹೇಗೆ ಎಂದರು. ಅವರಿಗೆ ಮೇಸ್ತ್ರಿಯ ಕೈಯ ಕತೆ ಮೊದಲಿನಿಂದ ಹೇಳಬೇಕಾಯಿತು. ನನ್ನ ಪಕ್ಕ ಕೂತಿದ್ದ ಹೆಂಗಸು ಜಾಗ ಬಿಟ್ಟು ಎದ್ದು ಮುಂದೆ ಹೋದರು. ಬಹುಶಃ ನಾನು ಅಳುತ್ತಿದ್ದೆ.

ಮನೆಗೆ ಬಂದು ಕಾಲು ತೊಳೆದು ದೀಪ ಹಚ್ಚಿದೆ. ಹೆಬ್ಬೆರಳನ್ನು ತೋರುಬೆರಳಿನ ಗೆಣ್ಣಿನ ಮೇಲಿಟ್ಟೆ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಆ ತಾಯಿ ನನಗೂ ಚಹಾ ಕೊಟ್ಟಳು. ಎಣಿಸಲು ಇದ್ದದ್ದು ಅಷ್ಟು. ಆದರೆ ನನ್ನ ಹೆಬ್ಬೆರಳು ಹೋಗಿ ಗೆಣ್ಣಿಗೆ ಸಲೀಸಾಗಿ ಕೂಡುತ್ತಿತ್ತು, ನಡುವೆ ಕಡ್ಡಿಯಷ್ಟೂ ಜಾಗವಿರಲಿಲ್ಲ. ಅದನ್ನೇ ನೋಡುತ್ತ ಕೂತೆ. ಎರಡೇ ಬೆರಳು ಕೇಳಿದ್ದೆ ಸ್ವಾಮಿ, ನೀನು ಎರಡನ್ನೂ ಕೊಟ್ಟೆ, ಕೂಡಲು ಬಿಡಲಿಲ್ಲ, ಎಂದೆ. ಅಂದಿನಿಂದ ಎಣಿಸುವುದನ್ನು ಬಿಟ್ಟಿದ್ದೇನೆ. ದೀಪ ಹಚ್ಚುತ್ತೇನೆ, ಕೈ ಮುಗಿಯುತ್ತೇನೆ, ಎದ್ದುಬಿಡುತ್ತೇನೆ.

ಆ ಸಂಜೆ ದೀಪದ ಮುಂದಿನಿಂದ ಎದ್ದು ಅನ್ನಕ್ಕೆ ಇಡಲು ಅಡುಗೆಮನೆಗೆ ಹೋದೆ. ಗ್ಯಾಸ್ ಮುಗಿದಿತ್ತು. ಸಿಲಿಂಡರು ಬದಲಿಸಲೆಂದು ಹಳೆಯದನ್ನು ಸರಿಸಿದರೆ ಬಿಳಿ ಟೈಲ್ಸಿನ ಮೇಲೆ ಕಂದು ಬಣ್ಣದ ಒಂದು ಬಳೆ ಮೂಡಿತ್ತು. ಅಂಗಿ ತೆಗೆದು ಮೂರು ತಿಂಗಳಾಗಿತ್ತು, ಬುಡ ಕಚ್ಚಿ ತುಕ್ಕು ಇಳಿದಿತ್ತು. ಹೊಸದನ್ನು ಜೋಡಿಸಿ ಅನ್ನಕ್ಕಿಟ್ಟೆ. ಬೆಳಿಗ್ಗೆ ಹಿಂಡಿದ ನಿಂಬೆಯ ಸಿಪ್ಪೆ ಮೋರಿಯ ಹತ್ತಿರ ಬಿದ್ದಿತ್ತು. ಅದಕ್ಕೆ ಉಪ್ಪು ಅದ್ದಿಕೊಂಡು ನೆಲಕ್ಕೆ ಕೂತು ಆ ಕಲೆಯನ್ನು ಉಜ್ಜಲು ಶುರುಮಾಡಿದೆ.